ಬಿಳಿ ಕೋಟು ಕಪ್ಪಾದ ಬಗೆ

ಹೊಸದಾಗಿ ಕೈಗೆ ಬಂದ ಯಂತ್ರ ಯಾವುದೇ ಆಗಲಿ, ಅದು ಬಿಗಿಯಾಗಿರುತ್ತದೆ, ಮೊದಲು ಅದನ್ನು ಸಡಿಲ ಮಾಡಬೇಕು ಎಂಬುದು ಟೈಲರಮ್ಮನ ಸಿದ್ಧಾಂತ. ಈ ಸಿದ್ಧಾಂತ ಸುಮ್ಮನೆ ಹುಟ್ಟಿದ್ದಲ್ಲ, ವರ್ಷಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತು ಹುಟ್ಟಿದ್ದು. ಕಂಪನಿಯವರು ದಾರದ ಬಿಗಿಯನ್ನು ಅದೆಷ್ಟು ತಿರುಚಿ ಕಳಿಸಿರುತ್ತಾರೆಂದರೆ ಮೊದಲ ಹೊಲಿಗೆಗೇ ದಾರ ಪಟ್ಟೆಂದು ಹರಿಯುತ್ತದೆ. ಆಗ ದಾರದ ಪಕ್ಕದ ಚಿಕ್ಕ ಚಕ್ರವನ್ನು ಪ್ಲಸ್ಸಿನಿಂದ ಮೈನಸ್ಸಿನ ಕಡೆಗೆ ತಿರುಗಿಸಬೇಕು. ಯಂತ್ರ ಉಸಿರು ಬಿಟ್ಟು ಹೇಳಿದ ಮಾತು ಕೇಳುತ್ತದೆ. ಹೊಲಿಗೆ ಯಂತ್ರಕ್ಕೆ ನಿಜವಾದದ್ದು ಲೋಕಕ್ಕೆಲ್ಲ ನಿಜ ಎಂದು ಟೈಲರಮ್ಮ ತೀರ್ಮಾನಿಸಿದ್ದಳು. ಆ ತೀರ್ಮಾನದ ಪ್ರಕಾರ ಗೋಡೆ ಗಡಿಯಾರವನ್ನು ಸಡಿಲ ಮಾಡಿದಳು. ಅಂದಿನಿಂದ ಅದು ತನಗೆ ಮನಸ್ಸು ಬಂದಾಗ ಹನ್ನೆರಡು ಹೊಡೆಯತೊಡಗಿತು. ಕುಕ್ಕರಿನ ಹಿಡಿಯನ್ನು ಸಡಿಲ ಮಾಡಿದಳು. ಅದು ಒಂದು ಮಧ್ಯಾಹ್ನ ಹಿಡಿಯನ್ನು ಅವಳ ಕೈಯಲ್ಲೇ ಬಿಟ್ಟು ತಾನು ನೆಲಕ್ಕಿಳಿಯಿತು. ಮದುವೆಯಾದ ಹೊಸತರಲ್ಲಿ ಗಂಡನನ್ನೂ ಹಾಗೇ ಸಡಿಲ ಮಾಡಿದ್ದಾಳೆ ಎಂದು ಅವಳ ನಾದಿನಿ ಹೇಳುತ್ತಾಳೆ. ನಾದಿನಿಯರು ಹೇಳುವುದನ್ನೆಲ್ಲ ಕಥೆಯಲ್ಲಿ ಬರೆಯುತ್ತ ಕೂತರೆ ಕಥೆ ಮುಂದೆ ಹೋಗುವುದಿಲ್ಲ.

ಟೈಲರಮ್ಮನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ತಲೆ ಕೈ ಎರಡೂ ಇಲ್ಲದ ಒಂದು ಬೊಂಬೆ, ಬಾಗಿಲ ಪಕ್ಕದಲ್ಲಿ ಉದ್ದನೆಯ ಕನ್ನಡಿ. ಆ ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ನೋಡಿಕೊಂಡು "ಸೊಂಟದ ಹತ್ರ ಸ್ವಲ್ಪ ಬಿಡಿಸಿ" ಎನ್ನದ ಹೆಂಗಸು ಆ ಬೀದಿಯಲ್ಲಿಲ್ಲ. ಬಿಡಿಸುವುದು, ಹಿಡಿಸುವುದು, ಪ್ಯಾಂಟಿನ ಕಾಲು ಮಡಚುವುದು, ಜಿಪ್ಪು ಬದಲಿಸುವುದು, ಇಷ್ಟರಲ್ಲೇ ಟೈಲರಮ್ಮನ ಬೆರಳುಗಳು ಸವೆದಿದ್ದವು. ಬೇರೆ ಯಾರೋ ಹೊಲಿದು ಕೆಡಿಸಿದ್ದನ್ನು ಸರಿಮಾಡುವವಳ ಹೆಸರು ಯಾರಿಗೆ ಬೇಕು? ಒಂದು ಉಡುಪನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಯೋಚಿಸಿ, ತಾನೇ ಕತ್ತರಿಸಿ, ಅದನ್ನು ಹತ್ತಾರು ಜನ ತೊಟ್ಟು ಬೀದಿಯಲ್ಲಿ ಓಡಾಡುವುದನ್ನು ನೋಡಬೇಕೆಂಬ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಕೇಳಿದವರು "ಆಗಲಿ, ಮೊದಲು ಈ ಸೊಂಟ ಬಿಡಿಸಿ" ಎನ್ನುತ್ತಿದ್ದರು.

ಆ ಅವಕಾಶ ಆಸ್ಪತ್ರೆಯ ಕಡೆಯಿಂದ ಬಂತು. ನಾದಿನಿ ಅಲ್ಲಿ ಚೀಟಿ ಬರೆಯುವ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ನರ್ಸುಗಳಿಗೆಲ್ಲ ಹೊಸ ಬಿಳಿ ಕೋಟು ಹೊಲಿಸುತ್ತಾರೆಂಬ ಸುದ್ದಿ ತಂದವಳೂ ಅವಳೇ. ಟೈಲರಮ್ಮ ಒಂದು ಕೋಟು ಹೊಲಿದು ಹೆಡ್ ನರ್ಸಿನ ಮುಂದೆ ಹಿಡಿದಳು. ಎಲ್ಲರೂ ದೊಡ್ಡ ಸಿಸ್ಟರ್ ಎಂದು ಕರೆಯುವ ಆಕೆ ಮೊದಲು ಕೋಟನ್ನು ನೋಡಲಿಲ್ಲ, ಜೇಬನ್ನು ನೋಡಿದಳು. ನರ್ಸುಗಳ ಕಷ್ಟವೆಲ್ಲ ಜೇಬಿನಲ್ಲಿದೆ. ರೋಗಿಯ ಮೇಲೆ ಬಗ್ಗಿದರೆ ಸಾಕು, ಎದೆಯ ಜೇಬಿನಿಂದ ಪೆನ್ನು, ಕತ್ತರಿ, ಥರ್ಮಾಮೀಟರು ಒಂದೊಂದಾಗಿ ಉದುರುತ್ತವೆ. ಹಿಂದಿನ ವಾರ ಒಬ್ಬ ರೋಗಿ ಆಪರೇಷನ್ನಿನಿಂದ ಚೇತರಿಸಿಕೊಂಡು ಕಣ್ಣು ಬಿಡುವ ಹೊತ್ತಿಗೆ ಸರಿಯಾಗಿ ಅವನ ಮೂಗಿನ ಮೇಲೆ ಕತ್ತರಿ ಬಿದ್ದು, ಅವನು ಇನ್ನೂ ಆಪರೇಷನ್ ಮುಗಿದಿಲ್ಲವೆಂದು ಕೂಗಿಕೊಂಡಿದ್ದ. ಟೈಲರಮ್ಮ ಜೇಬನ್ನು ಓರೆಯಾಗಿ ಕೂಡಿಸಿ, ಬಾಯಿಯ ಒಳಗೆ ಒಂದು ಮಡಿಕೆ ಇಟ್ಟಿದ್ದಳು. ದೊಡ್ಡ ಸಿಸ್ಟರ್ ಕೋಟು ತೊಟ್ಟು ಬಗ್ಗಿದಳು, ಎದ್ದಳು, ಇನ್ನೊಮ್ಮೆ ನೆಲ ಮುಟ್ಟುವ ಹಾಗೆ ಬಗ್ಗಿದಳು. ಒಂದು ಪೆನ್ನೂ ಬೀಳಲಿಲ್ಲ.

"ಇಷ್ಟು ವರ್ಷ ಎಲ್ಲಿದ್ರಿ ನೀವು?" ಎಂದಳು ದೊಡ್ಡ ಸಿಸ್ಟರ್. "ನನಗೆ ಇದೇ ಬೇಕು. ಆದ್ರೆ ನಾನು ಬೇಕು ಅಂದ್ರೆ ಆಗೋ ಕೆಲಸ ಅಲ್ಲ. ಖರೀದಿ ಕಮಿಟಿ ಇರೋದು ಬೇರೆ ಊರಲ್ಲಿ. ಅವರು ಬಟ್ಟೆ ನೋಡಲ್ಲ, ಫೋಟೋ ನೋಡ್ತಾರೆ. ರೆಡಿಮೇಡ್ ಕಂಪನಿಯವರು ಆಗಲೇ ಮಿರಮಿರ ಮಿಂಚೋ ಫೋಟೋ ಕಳಿಸಿಬಿಟ್ಟಿದ್ದಾರೆ. ಜೇಬು ಚೆನ್ನಾಗಿ ಕಾಣೋ ಹಾಗೆ ನೀವೂ ಒಂದು ಫೋಟೋ ಕೊಡಿ. ಉಳಿದದ್ದು ನಾನು ನೋಡ್ಕೋತೀನಿ."

ಎಲ್ಲರ ಫೋನಿನಲ್ಲೂ ಕ್ಯಾಮೆರಾ ಬರುವುದಕ್ಕೆ ಮುಂಚಿನ ಕಾಲ ಅದು. ಬೀದಿಯ ಕೊನೆಯ ಸ್ಟುಡಿಯೋದವನನ್ನು ಕರೆಸೋಣ ಎಂದು ಗಂಡ ಹೇಳಿ ನೋಡಿದ. "ಅವನಿಗೆ ಮುಖ ತೆಗೆಯೋಕೆ ಬರುತ್ತೆ. ಜೇಬಿನ ಗಂಧಗಾಳಿ ಅವನಿಗೇನು ಗೊತ್ತು?" ಎಂದಳು ಟೈಲರಮ್ಮ. ಆಗ ನಾದಿನಿ ತನ್ನ ಕೈಚೀಲದಿಂದ ಡಿಜಿಟಲ್ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು.

"ನಮ್ಮನೆಯವರು ಹೊಸದು ತಂದ್ರು ಅತ್ತಿಗೆ. ಇದು ಹಳೇದು, ನೀವೇ ಇಟ್ಕೊಳ್ಳಿ. ಆದ್ರೆ ನಿಮಗೆ ಇದೆಲ್ಲ ಬರುತ್ತಾ?"

"ಸೂಜಿ ಕಣ್ಣಿಗೆ ದಾರ ಪೋಣಿಸೋಳಿಗೆ ಒಂದು ಗುಂಡಿ ಒತ್ತೋದು ಬರಲ್ವಾ?"

"ಗುಂಡಿ ಒತ್ತೋದು ಎಲ್ಲರಿಗೂ ಬರುತ್ತೆ. ಫೋಟೋ ಬರಬೇಕಲ್ಲ."

"ನೀನು ತೆಗೆದಾಗ ಬಂದಿದೆ ಅಂದ್ಮೇಲೆ ಯಾರು ತೆಗೆದರೂ ಬರುತ್ತೆ ಬಿಡು."

ನಾದಿನಿ ಮೂತಿ ತಿರುವಿ ಹೋದಳು. ಟೈಲರಮ್ಮ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಹೊಸ ಗಿರಾಕಿಯ ಅಳತೆ ತೆಗೆಯುವವಳಂತೆ ಸುತ್ತಲೂ ನೋಡಿದಳು. ನೆತ್ತಿಯ ಮೇಲೆ ಬಲಗಡೆ ಒಂದು ಪುಟ್ಟ ಚಕ್ರ. ನಡುವೆ ಸೊನ್ನೆ, ಒಂದು ಕಡೆ ಪ್ಲಸ್ಸು, ಇನ್ನೊಂದು ಕಡೆ ಮೈನಸ್ಸು. ಅವಳ ಮುಖದಲ್ಲಿ ನಗು ಮೂಡಿತು. ಅಪರಿಚಿತ ಊರಿನಲ್ಲಿ ತವರಿನವರು ಸಿಕ್ಕ ಹಾಗಾಯಿತು. "ಅಯ್ಯೋ ಪಾಪ, ಇವಳು ಎಷ್ಟು ಬಿಗಿಯಾಗಿ ಇಟ್ಟುಕೊಂಡಿದ್ದಾಳೆ ನೋಡು" ಎಂದು ಕನಿಕರದಿಂದ ಚಕ್ರವನ್ನು ಮೈನಸ್ಸಿನ ಕಡೆ ತಿರುಗಿಸಿದಳು. ಅದು ಟಕ್ ಟಕ್ ಎನ್ನುತ್ತ ಕೊನೆಯವರೆಗೆ ಹೋಗಿ ನಿಂತಿತು. ಆ ಕ್ಷಣದಲ್ಲಿ ಕ್ಯಾಮೆರಾದ ಕಣ್ಣಿಗೆ ಹಗಲು ಮುಗಿಯಿತು. ಅದು ಟೈಲರಮ್ಮನಿಗೆ ಹೇಗೆ ಗೊತ್ತಾಗಬೇಕು?

ಮೊದಲ ಫೋಟೋವನ್ನು ಅಂಗಡಿಯಲ್ಲೇ ತೆಗೆದಳು. ಬೊಂಬೆಗೆ ಕೋಟು ತೊಡಿಸಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ, ಉಸಿರು ಹಿಡಿದು ಒತ್ತಿದಳು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯ ಮೇಲೆ ಕತ್ತಲೆ ಕಾಣಿಸಿತು. ಕತ್ತಲೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಹೆಗಲಿನಂಥದ್ದೇನೋ ಇತ್ತು.

"ಒಳಗೆ ಬೆಳಕು ಸಾಲದು" ಎಂದಳು ಟೈಲರಮ್ಮ.

ಗಂಡ ಮೂಲೆಯ ಕುರ್ಚಿಯಲ್ಲಿ ಕ್ಯಾಮೆರಾದ ಜೊತೆ ಬಂದ ಪುಸ್ತಕ ಹಿಡಿದು ಕೂತಿದ್ದ. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪುಸ್ತಕವನ್ನು ನಡುವಿನಿಂದ ಓದುವುದು ಕಳ್ಳತನಕ್ಕೆ ಸಮ ಎಂದು ನಂಬಿದವನು. ಆದ್ದರಿಂದ ಎಚ್ಚರಿಕೆಗಳ ಅಧ್ಯಾಯದಿಂದಲೇ ಶುರುಮಾಡಿದ್ದ.

"ಬ್ಯಾಟರಿಯನ್ನು ನುಂಗಬಾರದು ಅಂತ ಹಾಕಿದ್ದಾನೆ ಕಣೇ."

"ನಾನು ನುಂಗಿಲ್ಲ. ಕತ್ತಲಿಗೆ ಏನು ಹೇಳಿದ್ದಾನೆ ನೋಡಿ."

"ಅದು ಮುಂದೆ ಬರುತ್ತೆ. ಈಗ ಸಮುದ್ರದಲ್ಲಿ ಮುಳುಗಿಸಬಾರದು ಅನ್ನೋ ಕಡೆ ಇದ್ದೀನಿ."

ಸಮುದ್ರದಿಂದ ಗಂಡ ದಡ ಸೇರುವವರೆಗೆ ಕಾಯಲು ಟೈಲರಮ್ಮನಿಗೆ ವ್ಯವಧಾನವಿರಲಿಲ್ಲ. ಬೊಂಬೆಯನ್ನು ಎತ್ತಿಕೊಂಡು ತಾರಸಿಗೆ ಹೊರಟಳು. ತಾರಸಿಯ ಮೆಟ್ಟಿಲು ಇರುವುದು ಮನೆಯ ಹೊರಗೆ, ಬೀದಿಯ ಕಡೆ. ನೆತ್ತಿಯ ಮೇಲೆ ಬಿಸಿಲು. ಟೈಲರಮ್ಮ ಬೊಂಬೆಯ ಎದೆಯನ್ನೂ ಗಂಡ ಅದರ ಕಾಲುಕಂಬವನ್ನೂ ಹಿಡಿದು ಏದುಸಿರು ಬಿಡುತ್ತ ಹತ್ತುವುದನ್ನು ಎದುರು ಮನೆಯಾಕೆ ಕಂಡಳು. ಬಿಳಿ ಕೋಟು ತೊಟ್ಟ ಹೆಣ್ಣೊಬ್ಬಳನ್ನು ಇಬ್ಬರು ಅಡ್ಡಡ್ಡ ಹೊತ್ತುಕೊಂಡು ಹೋಗುತ್ತಿದ್ದಾರೆ, ಅವಳ ತಲೆ ಎಲ್ಲೂ ಕಾಣಿಸುತ್ತಿಲ್ಲ.

"ಅಯ್ಯಯ್ಯೋ, ನರ್ಸಮ್ಮನಿಗೆ ಏನಾಯ್ತು?" ಎಂದು ಆಕೆ ಇಟ್ಟ ಕೂಗಿಗೆ ಬೀದಿ ಎದ್ದಿತು. ಒಬ್ಬರು ನೀರು ತಂದರು, ಒಬ್ಬರು ಬೀಸಣಿಗೆ ತಂದರು, ಮೂಲೆಯಂಗಡಿಯವನು ಆಂಬುಲೆನ್ಸಿಗೆ ಫೋನು ಮಾಡಲೋ ಪೊಲೀಸಿಗೆ ಮಾಡಲೋ ಎಂದು ಕೇಳುತ್ತ ಬಂದ. ತಾರಸಿಗೆ ಬಂದು ನೋಡಿ, ಯಾರಿಗೂ ಏನೂ ಆಗಿಲ್ಲವೆಂದು ತಿಳಿದ ಮೇಲೆ ಎಲ್ಲರಿಗೂ ಸ್ವಲ್ಪ ನಿರಾಶೆಯಾಯಿತು. ಬಂದ ತಪ್ಪಿಗೆ ಸಲಹೆಯನ್ನಾದರೂ ಕೊಟ್ಟು ಹೋಗೋಣವೆಂದು ನಿಂತರು.

"ಬೆಳಕು ಸಾಲ್ದು. ಬಿಳಿ ದುಪ್ಪಟಿ ಹಿಡಿಯಿರಿ ಈ ಕಡೆ."

"ದುಪ್ಪಟಿಯಲ್ಲ, ಕನ್ನಡಿ ಹಿಡಿಯಬೇಕು."

"ನಮ್ಮ ಸ್ಟೀಲ್ ತಟ್ಟೆ ತರ್ತೀನಿ ಇರಿ, ಕನ್ನಡಿಗಿಂತ ಹೊಳೆಯುತ್ತೆ."

ಒಂದು ದುಪ್ಪಟಿ, ಎರಡು ಕನ್ನಡಿ, ಆರೇಳು ತಟ್ಟೆಗಳಿಂದ ಬೊಂಬೆಯ ಮೇಲೆ ಬೆಳಕು ಸುರಿಯಿತು. ಬೊಂಬೆಯ ಕಡೆ ನೋಡಲಾರದೆ ಎಲ್ಲರೂ ಕಣ್ಣು ಮುಚ್ಚಿಕೊಂಡರು. ಟೈಲರಮ್ಮ ಒತ್ತಿದಳು. ಎಲ್ಲರೂ ಪರದೆಯ ಮೇಲೆ ಮುಗಿಬಿದ್ದರು. ಪರದೆಯಲ್ಲಿ ಮುಸ್ಸಂಜೆಯಾಗಿತ್ತು. ಆಕಾಶ ಶಾಯಿ ಬಣ್ಣಕ್ಕೆ ತಿರುಗಿತ್ತು. ಕಪ್ಪು ಕೋಟು ತೊಟ್ಟ ತಲೆಯಿಲ್ಲದ ಆಕೃತಿಯೊಂದು ಅದರ ಕೆಳಗೆ ನಿಂತಿತ್ತು.

"ಗ್ರಹಣ ಹಿಡಿದ ಹಾಗಿದೆ" ಎಂದಳು ಎದುರು ಮನೆಯಾಕೆ.

"ಸೂರ್ಯನ ಕಡೆಗೆ ನೇರವಾಗಿ ತೋರಿಸಬಾರದು ಅಂತ ಪುಸ್ತಕದಲ್ಲಿದೆ" ಎಂದ ಗಂಡ. "ಹೆದರಿರಬೇಕು."

ಟೈಲರಮ್ಮ ಮಾತ್ರ ಎದೆಗುಂದಲಿಲ್ಲ. "ಪರದೆ ಹಳೇದು. ಅದಕ್ಕೆ ದೃಷ್ಟಿ ಮಂದವಾಗಿದೆ. ಕಾಗದದ ಮೇಲೆ ಬಂದಾಗ ಸರಿಹೋಗುತ್ತೆ. ಬಟ್ಟೆಯೂ ಅಷ್ಟೇ, ಇಸ್ತ್ರಿ ಬಿದ್ದ ಮೇಲೇ ಅದರ ಬಣ್ಣ ಗೊತ್ತಾಗೋದು" ಎಂದು ಸಭೆಯನ್ನು ಮುಗಿಸಿದಳು. ಕ್ಯಾಮೆರಾದೊಳಗಿನ ಕಾರ್ಡನ್ನು ಮಾತ್ರ ತೆಗೆದುಕೊಂಡು ಸ್ಟುಡಿಯೋಗೆ ನಡೆದಳು. ಯಂತ್ರವನ್ನು ಪರರ ಕೈಗೆ ಕೊಡುವ ಅಭ್ಯಾಸ ಅವಳಿಗಿರಲಿಲ್ಲ.

ಸ್ಟುಡಿಯೋದವನು ತತ್ವನಿಷ್ಠ. ಹಿಂದೊಮ್ಮೆ ಒಬ್ಬ ಗಿರಾಕಿಯ ಪಾಸ್‌ಪೋರ್ಟ್ ಫೋಟೋವನ್ನು ಬೇಡಿಕೆಯ ಮೇರೆಗೆ ಅದೆಷ್ಟು ಬೆಳ್ಳಗೆ ಮಾಡಿದ್ದನೆಂದರೆ, ವಿಮಾನ ನಿಲ್ದಾಣದವರು ಗಿರಾಕಿಯನ್ನು ಹಿಡಿದುಕೊಂಡು ಫೋಟೋವನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದಿದ್ದರಂತೆ. ಅಂದಿನಿಂದ ಬಂದದ್ದನ್ನು ಬಂದ ಹಾಗೆ ಪ್ರಿಂಟು ಮಾಡುವುದೆಂದು ಶಪಥ ತೊಟ್ಟಿದ್ದ.

"ಕತ್ತಲೆ ತಂದಿದ್ದೀರಿ, ಕತ್ತಲೆ ಕೊಟ್ಟಿದ್ದೀನಿ" ಎಂದು ನಾಲ್ಕು ಪ್ರಿಂಟುಗಳನ್ನು ಮುಂದಿಟ್ಟ.

"ಸ್ವಲ್ಪ ಬೆಳಕು ಹಾಕಿಕೊಡಪ್ಪ."

"ಆ ಕೆಲಸ ಬಿಟ್ಟುಬಿಟ್ಟಿದ್ದೀನಿ ಟೈಲರಮ್ಮ. ಬೆಳಕಿನ ಜವಾಬ್ದಾರಿ ತೆಗೆಯೋರದು."

ಪಕ್ಕದ ಬೆಂಚಿನ ಮೇಲೆ ತನ್ನ ಫೋಟೋಗೆ ಕಾಯುತ್ತ ಕೂತಿದ್ದ ಹೆಂಗಸು ಕುತ್ತಿಗೆ ಚಾಚಿ ಪ್ರಿಂಟನ್ನು ನೋಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. ಆಕೆ ಕೋರ್ಟಿನಲ್ಲಿ ವಕೀಲೆ. ತೊಟ್ಟಿದ್ದ ಕಪ್ಪು ಕೋಟು ಹೆಗಲಿನಲ್ಲಿ ಗುಬ್ಬಿಗೂಡಿನಂತೆ ಉಬ್ಬಿತ್ತು.

"ಇಷ್ಟು ಚೆನ್ನಾಗಿ ಕರಿ ಕೋಟು ಹೊಲಿದವರು ಯಾರು? ಹೆಗಲು ಎಷ್ಟು ಚೆನ್ನಾಗಿ ಕೂತಿದೆ!"

ಕೋಟು ಬಿಳಿಯದು ಎಂದು ಹೇಳಲು ಟೈಲರಮ್ಮ ಬಾಯಿ ತೆರೆದಳು. ಆದರೆ ಹೆಗಲು ಚೆನ್ನಾಗಿ ಕೂತಿದೆ ಎಂದು ಅವಳ ಹೊಲಿಗೆಗೆ ಯಾರೂ ಹೇಳಿ ಗೊತ್ತಿರಲಿಲ್ಲ. ತೆರೆದ ಬಾಯಿಯಿಂದ ಬೇರೆ ಮಾತು ಬಂತು.

"ನಾನೇ."

"ನನಗೂ ಒಂದು ಬೇಕು. ನಮ್ಮ ದರ್ಜಿ ಹೊಲಿದ ಕೋಟು ಹಾಕ್ಕೊಂಡು ನಿಂತ್ರೆ ನ್ಯಾಯಾಧೀಶರು ನನ್ನ ವಾದ ಬಿಟ್ಟು ಹೆಗಲನ್ನೇ ನೋಡ್ತಾರೆ. ಗುರುವಾರ ಬಂದು ಈ ಕೋಟು ನೋಡ್ತೀನಿ, ಆಗಬಹುದಾ?"

"ಧಾರಾಳವಾಗಿ ಬನ್ನಿ" ಎಂದಳು ಟೈಲರಮ್ಮ. ಗುರುವಾರ ಇನ್ನೂ ದೂರವಿತ್ತು. ದೂರದ ಗುರುವಾರಗಳಿಗೆ ಹೆದರುವ ಪೈಕಿಯಲ್ಲ ಅವಳು.

ಪ್ರಿಂಟುಗಳನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು. ಅಷ್ಟರಲ್ಲಿ ಬಂದ ನಾದಿನಿ ಒಂದು ಪ್ರಿಂಟನ್ನು ಎತ್ತಿಕೊಂಡಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಂಥದ್ದನ್ನು ನೋಡಿ ಒಬ್ಬಳೇ ನಗುವುದು ಸ್ವಾರ್ಥ ಎನಿಸಿತು, ಅಷ್ಟೆ. ಮರುದಿನ ಆಸ್ಪತ್ರೆಯ ಕೌಂಟರಿನಲ್ಲಿ ಅದನ್ನು ನಾಲ್ಕು ಜನಕ್ಕೆ ತೋರಿಸಿದಳು. ಅಲ್ಲಿಂದ ಖರೀದಿ ವಿಭಾಗದ ಗುಮಾಸ್ತ ಅದನ್ನು ಕೇಳಿ ಪಡೆದ. ಬಹಳ ಚುರುಕಿನ ಮನುಷ್ಯ. ಟೈಲರಮ್ಮನ ಫೋಟೋ ಬರಬೇಕಿತ್ತು, ಬಂತು ಎಂದುಕೊಂಡು, ಕಂಪ್ಯೂಟರಿಗೆ ಹಾಕಿ ಕಮಿಟಿಗೆ ಕಳಿಸಿಯೇ ಬಿಟ್ಟ. ಆಮೇಲೆ ಪ್ರಿಂಟು ವಾರ್ಡಿನಿಂದ ವಾರ್ಡಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಆಸ್ಪತ್ರೆಗೆ ಒಂದು ಸುದ್ದಿ ಖಚಿತವಾಗಿತ್ತು: ಇನ್ನು ಮುಂದೆ ನರ್ಸುಗಳು ಕಪ್ಪು ಕೋಟು ಹಾಕಬೇಕಂತೆ.

ಗುರುವಾರ ಬೆಳಿಗ್ಗೆ ವಕೀಲೆ ಬಂದು ಸ್ಟೂಲಿನ ಮೇಲೆ ಕೂತಳು. ಕೈಯಲ್ಲಿ ಕಪ್ಪು ಬಟ್ಟೆಯ ಒಂದು ಗಂಟು. "ಎಲ್ಲಿ ಆ ಕೋಟು?" ಎಂದಳು. ಟೈಲರಮ್ಮ ಬೊಂಬೆಯನ್ನು ತೋರಿಸಿದಳು. ವಕೀಲೆ ಬೊಂಬೆಯನ್ನು ನೋಡಿದಳು, ಟೈಲರಮ್ಮನನ್ನು ನೋಡಿದಳು.

"ಇದು ಬಿಳಿ."

"ಬಣ್ಣದ ಮಾತು ಬಿಡಿ. ಹೆಗಲು ಅದೇ ತಾನೇ?"

ವಕೀಲೆ ಕನ್ನಡಕ ಹಾಕಿಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ಗದ್ದಲವಾಯಿತು. ದೊಡ್ಡ ಸಿಸ್ಟರ್ ಮುಂದೆ, ಮೂವರು ನರ್ಸುಗಳು ಹಿಂದೆ, ಎಲ್ಲರ ಹಿಂದೆ ಏನೂ ಅರಿಯದವಳ ಮುಖ ಮಾಡಿಕೊಂಡು ನಾದಿನಿ. ಮೂವರಲ್ಲಿ ಎಲ್ಲರಿಗಿಂತ ಉದ್ದವಿದ್ದ ನರ್ಸು ಒಳಗೆ ಕಾಲಿಟ್ಟವಳೇ ವಕೀಲೆಯ ಮೈಮೇಲಿನ ಕಪ್ಪು ಕೋಟನ್ನು ಬೆರಳಿಟ್ಟು ತೋರಿಸಿದಳು.

"ನೋಡಿದ್ರಾ ಸಿಸ್ಟರ್? ಹೊಲಿದು ಹಾಕಿಸಿಯೇ ಬಿಟ್ಟಿದ್ದಾರೆ! ಈಯಮ್ಮ ಯಾವ ವಾರ್ಡು?"

"ನಾನು ಯಾವ ವಾರ್ಡೂ ಅಲ್ಲ, ಎರಡನೇ ಕೋರ್ಟು" ಎಂದಳು ವಕೀಲೆ.

"ಕೋರ್ಟಿನವರೆಗೂ ಹೋಯ್ತಾ ವಿಷಯ!" ಎಂದು ಇನ್ನೊಬ್ಬ ನರ್ಸು ಎದೆ ಹಿಡಿದುಕೊಂಡಳು.

"ನಾವು ಕರಿ ಕೋಟು ಹಾಕಲ್ಲ" ಎಂದಳು ಉದ್ದನೆಯ ನರ್ಸು. "ಐಸಿಯುನಲ್ಲಿ ರೋಗಿ ಕಣ್ಣು ಬಿಟ್ಟಾಗ ಎದುರಿಗೆ ಕರಿ ಕೋಟು ನಿಂತಿದ್ರೆ ಏನಂದ್ಕೋತಾನೆ ಹೇಳಿ? ಕರ್ಕೊಂಡು ಹೋಗೋಕೆ ಬಂದ್ರು ಅಂದ್ಕೊಂಡು ತಾನೇ ಎದ್ದು ಹೊರಟುಬಿಡ್ತಾನೆ!"

ಟೈಲರಮ್ಮ ಬೊಂಬೆಯನ್ನು ಬೆಳಕಿಗೆ ತಿರುಗಿಸಿದಳು. ನರ್ಸುಗಳು ಹತ್ತಿರ ಬಂದು ಕೋಟನ್ನು ಮುಟ್ಟಿ ನೋಡಿದರು, ಜೇಬಿನಲ್ಲಿ ಬೆರಳಾಡಿಸಿದರು. ಗದ್ದಲ ಅಡಗಿತು. ಬಿಳಿಯಾಗಿಯೇ ಇತ್ತು. ಚೆನ್ನಾಗಿಯೇ ಇತ್ತು.

"ನನ್ನ ಕಣ್ಣಿಗೆ ಕಾಣುತ್ತೆ ಟೈಲರಮ್ಮ" ಎಂದಳು ದೊಡ್ಡ ಸಿಸ್ಟರ್, ಸ್ಟೂಲು ಸಿಗದೆ ಮೇಜಿಗೆ ಒರಗಿ. "ಕಮಿಟಿಯವರ ಕಣ್ಣಿಗೆ ಕಾಣಬೇಕಲ್ಲ? ನಿಮ್ಮ ಆ ಕರಿ ಫೋಟೋ ಆಗಲೇ ಅವರ ಕೈ ಸೇರಿದೆ. ಇವತ್ತು ಮಧ್ಯಾಹ್ನ ಅವರು ಸೇರ್ತಾರೆ. ಅಷ್ಟರೊಳಗೆ ಸರಿಯಾದ ಫೋಟೋ ಹೋಗಲಿಲ್ಲ ಅಂದ್ರೆ ಆರ್ಡರು ರೆಡಿಮೇಡ್ ಕಂಪನಿಗೆ. ನಾವು ಮತ್ತೆ ಕತ್ತರಿ ಬೀಳಿಸ್ಕೊಂಡು ಓಡಾಡಬೇಕು."

"ಅಷ್ಟೇ ತಾನೇ, ಈಗಲೇ ತೆಗೀತೀನಿ" ಎಂದಳು ಟೈಲರಮ್ಮ. ದನಿ ಗಟ್ಟಿಯಾಗಿತ್ತು. ಕೈ ಮಾತ್ರ ಕ್ಯಾಮೆರಾಗೆ ಬದಲು ಕತ್ತರಿಯನ್ನು ಎತ್ತಿಕೊಂಡಿತು. ಅದನ್ನು ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡಳು.

ಬೊಂಬೆ ಬಗ್ಗುವುದಿಲ್ಲವಾದ್ದರಿಂದ ಉದ್ದನೆಯ ನರ್ಸಿಗೆ ಕೋಟು ತೊಡಿಸಿದರು. ಜೇಬಿಗೆ ಪೆನ್ನು, ಕತ್ತರಿ ಸೇರಿದವು. ಅವಳು ಇಲ್ಲದ ರೋಗಿಯ ಮೇಲೆ ಬಗ್ಗಿ ನಿಂತಳು. ಟೈಲರಮ್ಮ ಒತ್ತಿದಳು. ಆರು ತಲೆಗಳು ಪರದೆಯ ಮೇಲೆ ಸೇರಿದವು. ಕತ್ತಲೆಯಲ್ಲಿ ಯಾರೋ ಏನನ್ನೋ ಕದಿಯುತ್ತಿದ್ದಂತೆ ಕಂಡಿತು.

"ನಾನು ಆಗಲೇ ಹೇಳಿದ್ದೆ" ಎಂದಳು ನಾದಿನಿ.

"ನೀನು ಸ್ವಲ್ಪ ಸುಮ್ನಿರು."

"ನಮ್ಮನೇಲಿದ್ದಾಗ ಮಟಮಟ ಮಧ್ಯಾಹ್ನದ ಹಾಗೆ ಬರ್ತಿತ್ತು ಅಣ್ಣಾ, ನೀನೇ ಹೇಳು."

ಅಣ್ಣ ಪುಸ್ತಕದಿಂದ ತಲೆಯೆತ್ತಿದ. "ಒದ್ದೆ ಕೈಯಲ್ಲಿ ಮುಟ್ಟಬಾರದು ಅಂತಿದೆ. ಯಾರ ಕೈಯಾದರೂ ಒದ್ದೆ ಇದೆಯಾ?"

ಇಷ್ಟು ಹೊತ್ತು ಕೈಕಟ್ಟಿ ನೋಡುತ್ತಿದ್ದ ವಕೀಲೆ ಎದ್ದು ನಿಂತಳು. ಕೋಟಿನ ಹೆಗಲನ್ನು ಸರಿಮಾಡಿಕೊಂಡಳು, ಅದು ಸರಿಹೋಗಲಿಲ್ಲ. "ಹೀಗೆ ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ಸತ್ಯ ಹೊರಗೆ ಬರಲ್ಲ. ನಾನು ಕೇಳ್ತೀನಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ" ಎಂದು ಟೈಲರಮ್ಮನ ಕಡೆ ತಿರುಗಿದಳು.

"ಈ ಕ್ಯಾಮೆರಾ ನಿಮ್ಮ ಕೈಗೆ ಹೇಗೆ ಬಂತು?"

"ನಾದಿನಿ ಕೊಟ್ಟಳು."

"ಕೊಟ್ಟಾಗ ಆರೋಗ್ಯವಾಗಿತ್ತೇ?"

"ಮಟಮಟ ಮಧ್ಯಾಹ್ನದ…" ಎಂದು ನಾದಿನಿ ಶುರುಮಾಡಿದಳು.

"ಸಾಕ್ಷಿ ತನ್ನ ಸರದಿ ಬರೋವರೆಗೆ ಕಾಯಬೇಕು. ಕೈಗೆ ಬಂದ ಮೇಲೆ ನೀವು ಅದಕ್ಕೆ ಏನು ಮಾಡಿದ್ರಿ?"

"ನಾನೇನೂ ಮಾಡಿಲ್ಲ."

"ಏನೂ?"

"ಎಲ್ಲರೂ ಮಾಡೋದನ್ನೇ ಮಾಡಿದ್ದು. ಸಡಿಲ ಮಾಡ್ದೆ."

ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು. ಯಾರೂ ಅದನ್ನು ನಂಬಲಿಲ್ಲ.

"ಏನನ್ನು ಸಡಿಲ ಮಾಡಿದ್ರಿ?"

"ಇದನ್ನೇ. ಈ ಚಕ್ರಾನ."

"ಯಾವ ಕಾರಣಕ್ಕೆ?"

"ಹೊಸ ಯಂತ್ರ ಬಿಗಿಯಾಗಿರುತ್ತಲ್ಲ ಮೇಡಂ!" ಎಂದಳು ಟೈಲರಮ್ಮ, ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ.

"ಅದು ಹೊಸದಲ್ಲ, ನನ್ನ ಹಳೇದು!" ಎಂದು ನಾದಿನಿ ಕಿರುಚಿದಳು.

"ನನ್ನ ಕೈಗೆ ಹೊಸದು."

"ನನ್ನ ಪ್ರಶ್ನೆಗಳು ಮುಗಿದವು" ಎಂದು ವಕೀಲೆ ಕೂತಳು.

ಎಲ್ಲರ ಕಣ್ಣೂ ಟೈಲರಮ್ಮನ ಮೇಲಿತ್ತು. ಬೇರೆ ಯಾರಾದರೂ ಆಗಿದ್ದರೆ ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದರು. ಟೈಲರಮ್ಮ ಚಕ್ರವನ್ನು ನೋಡಿದಳು, ಮೈನಸ್ಸಿನ ಕೊನೆಯನ್ನು ನೋಡಿದಳು, ತಲೆದೂಗಿದಳು.

"ಹಾಗಾದ್ರೆ ಸಡಿಲ ಜಾಸ್ತಿಯಾಗಿದೆ. ಹೊಲಿಗೆಯಲ್ಲೂ ಹೀಗಾಗುತ್ತೆ. ದಾರ ಅಡಿಯಲ್ಲಿ ಗಂಟುಗಂಟು ಬೀಳುತ್ತೆ. ಅಷ್ಟಕ್ಕೇ ಯಾರಾದ್ರೂ ಯಂತ್ರ ಎಸೀತಾರಾ? ಬಿಗಿ ಮಾಡಿದ್ರಾಯ್ತು."

ಬಿಗಿ ಮಾಡಿದಳು. ಅರೆಮನಸ್ಸಿನ ಕೆಲಸ ಅವಳಿಗೆ ಬರುವುದಿಲ್ಲ. ಚಕ್ರವನ್ನು ಪ್ಲಸ್ಸಿನ ತುತ್ತತುದಿಗೆ ತಿರುಗಿಸಿ ಒತ್ತಿದಳು. ಈ ಸಲ ಪರದೆ ಹಾಲಿನ ಪಾತ್ರೆಯಂತಿತ್ತು. ಕೋಟಿರಲಿಲ್ಲ, ಕೈಯಿರಲಿಲ್ಲ. ಬೆಳಕಿನಲ್ಲಿ ಎರಡು ಹುಬ್ಬುಗಳು ಮತ್ತು ಒಂದು ಪೆನ್ನಿನ ಮುಚ್ಚಳ ಯಾರ ಹಂಗೂ ಇಲ್ಲದೆ ತೇಲುತ್ತಿದ್ದವು.

"ಅಯ್ಯೋ, ನಾನೆಲ್ಲಿ?" ಎಂದಳು ಉದ್ದನೆಯ ನರ್ಸು.

"ಕರ್ಕೊಂಡು ಹೋಗೋರಾಯ್ತು, ಈಗ ಹೋದವರ ಫೋಟೋ" ಎಂದು ದೊಡ್ಡ ಸಿಸ್ಟರ್ ಗಡಿಯಾರ ನೋಡಲು ಹೋಗಿ, ಬುದ್ಧಿ ಬಂದು ತನ್ನ ಕೈಗಡಿಯಾರ ನೋಡಿಕೊಂಡಳು. "ಬೇಗ ಟೈಲರಮ್ಮ."

ನಾದಿನಿ ಮುಂದೆ ನುಗ್ಗಿ ಚಕ್ರವನ್ನು ಸೊನ್ನೆಗೆ ತಂದಳು. "ಹೀಗಿತ್ತು ನಮ್ಮನೇಲಿ. ಸೊನ್ನೆಯಲ್ಲಿಟ್ಟು ತೆಗೀರಿ, ನೋಡಿ ಹೇಗೆ ಬರುತ್ತೆ!"

ತೆಗೆದಳು. ಚೆನ್ನಾಗಿಯೇ ಬಂತು. ನರ್ಸು ಕಂಡಳು, ಜೇಬು ಕಂಡಿತು. ನಾದಿನಿ ಗೆದ್ದವಳಂತೆ ಸುತ್ತ ನೋಡಿದಳು. ದೊಡ್ಡ ಸಿಸ್ಟರ್ ಮಾತ್ರ ಪರದೆಯ ಮೇಲೆ ಬೆರಳಿಟ್ಟಳು.

"ಕೋಟು ಯಾಕೆ ವಾರದಿಂದ ಒಗೆಯದ ಹಾಗೆ ಕಾಣುತ್ತೆ? ಕೊಳೆ ಕೋಟು ಹಾಕಿಸಿದ್ದೀನಿ ಅಂತ ಫೋಟೋ ಕಳಿಸಿದ್ರೆ ಆರ್ಡರ್ ಇರಲಿ, ನನ್ನ ಕೆಲಸಾನೂ ಹೋಗುತ್ತೆ."

ನಿಜ. ಬೂದು ಬಣ್ಣ. ಓರೆ ಜೇಬಿನ ಅಂಚೂ ಬೂದಿಯಲ್ಲಿ ಕರಗಿಹೋಗಿತ್ತು. "ಅದಕ್ಕಿಂತ ಚೆನ್ನಾಗಿ ಬರಲ್ಲ, ಅದರ ಹಣೆಬರಹ ಅಷ್ಟೇ" ಎಂದಳು ನಾದಿನಿ. ಕಿಟಕಿಯ ಹತ್ತಿರ ತೆಗೆಯಿರಿ, ತಟ್ಟೆ ತರಲೇ, ಪುಡಿ ಬಳಿಯೋಣವೇ ಎಂದು ನರ್ಸುಗಳು ಒಟ್ಟಿಗೆ ಶುರುಮಾಡಿದರು.

ಟೈಲರಮ್ಮನ ಕಿವಿಗೆ ಅದಾವುದೂ ಬೀಳಲಿಲ್ಲ. ಅವಳು ಕ್ಯಾಮೆರಾವನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿ ಇಟ್ಟುಕೊಂಡು ತನ್ನ ಕುರ್ಚಿಯಲ್ಲಿ ಕೂತಳು. ದಾರದ ಬಿಗಿ ಸೊನ್ನೆಯಲ್ಲಿದ್ದರೆ ಎಲ್ಲ ಬಟ್ಟೆಗೂ ಸರಿ ಎಂದು ಹೇಳುವವರು ಹೊಲಿಗೆ ಬಲ್ಲವರಲ್ಲ. ತೆಳ್ಳನೆಯ ಮಲ್ ಬಟ್ಟೆಗೆ ಬೇರೆ, ಜೀನ್ಸಿಗೆ ಬೇರೆ. ಬಟ್ಟೆ ಏನು ಕೇಳುತ್ತದೋ ಅಷ್ಟು ಕೊಡಬೇಕು. ಕೊಡುವ ಮುಂಚೆ ಚಿಂದಿಯ ಮೇಲೆ ಹೊಲಿದು ನೋಡಬೇಕು. ಅವಳು ಚಿಂದಿಯ ಬುಟ್ಟಿಯಿಂದ ಅದೇ ಬಿಳಿ ಬಟ್ಟೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹಾಸಿದಳು. ಚಕ್ರವನ್ನು ಸೊನ್ನೆಯಿಂದ ಪ್ಲಸ್ಸಿನ ಕಡೆ ಒಂದು ಟಕ್ ದಾಟಿಸಿ ಒತ್ತಿದಳು. ನೋಡಿದಳು. ಬೂದಿ ಸ್ವಲ್ಪ ಹಾರಿತ್ತು. ಇನ್ನೊಂದು ಟಕ್. ಮತ್ತೆ ಒತ್ತಿದಳು. ಕಣ್ಣಿನ ಹತ್ತಿರ ತಂದು ನೋಡಿದಳು. ಇನ್ನೂ ಒಂದು. ಈ ಸಲ ನೇಯ್ಗೆ ಬೆಳ್ಳಗೆ ಬಳಿದುಹೋಯಿತು. ಒಂದು ಹಿಂದಕ್ಕೆ ಬಂದಳು.

"ಇಲ್ಲಿ ಕೂತಿತು" ಎಂದು ಎದ್ದಳು. "ಬಗ್ಗಮ್ಮ."

ಉದ್ದನೆಯ ನರ್ಸು ಬಗ್ಗಿದಳು. ಟೈಲರಮ್ಮ ಒತ್ತಿದಳು. ಯಾರೂ ಪರದೆಯ ಮೇಲೆ ಮುಗಿಬೀಳಲಿಲ್ಲ, ಧೈರ್ಯ ಸಾಲಲಿಲ್ಲ. ದೊಡ್ಡ ಸಿಸ್ಟರ್ ಒಬ್ಬಳೇ ಹೋಗಿ ನೋಡಿದಳು.

ಕೋಟು ಬಿಳಿಯಾಗಿತ್ತು; ಒಗೆದು, ನೀಲಿ ಹಾಕಿ, ಆಗಷ್ಟೇ ಇಸ್ತ್ರಿ ಮಾಡಿದ ಬಿಳಿ. ಅದರ ಎದೆಯ ಮೇಲೆ ಓರೆ ಜೇಬು, ಜೇಬಿನ ಅಂಚಿನಲ್ಲಿ ದಾರದಷ್ಟೇ ತೆಳ್ಳಗಿನ ನೆರಳು, ಒಂದೊಂದು ಹೊಲಿಗೆಯನ್ನೂ ಎಣಿಸಬಹುದಿತ್ತು. ನರ್ಸು ನೆಲಕ್ಕೆ ಬಗ್ಗಿದ್ದಳು, ಕತ್ತರಿ ಪೆನ್ನು ಎರಡೂ ಜೇಬಿನೊಳಗೆ ಮನೆ ಮಾಡಿಕೊಂಡು ಕೂತಿದ್ದವು.

"ನಿಮ್ಮ ಕೈ ಅಂದ್ರೆ ಕೈ" ಎಂದಳು ದೊಡ್ಡ ಸಿಸ್ಟರ್. ಕಾರ್ಡನ್ನು ಕಿತ್ತುಕೊಂಡು, ಕೋಟು ತೊಟ್ಟ ನರ್ಸನ್ನೂ ಎಳೆದುಕೊಂಡು ಓಡಿದಳು.

"ಸೊನ್ನೆಗಿಂತ ಮುಂದೆ ಹೋಗಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು ಅತ್ತಿಗೆ?" ಎಂದಳು ನಾದಿನಿ, ಮೊದಲ ಬಾರಿಗೆ ಮೆಲುದನಿಯಲ್ಲಿ.

"ಬಟ್ಟೆ ಹೇಳುತ್ತೆ. ನೀನು ಅದರ ಮಾತು ಕೇಳಬೇಕಷ್ಟೆ."

"ಆ ಚಕ್ರದ ವಿಷಯ ಇಲ್ಲೆಲ್ಲೋ ಬರುತ್ತೆ ಅನಿಸುತ್ತೆ" ಎಂದ ಗಂಡ ಪುಟ ತಿರುವುತ್ತ. "ಯಾರೂ ಅವಸರ ಮಾಡಬೇಡಿ."

ಉತ್ತರ ಬರಲು ನಾಲ್ಕಾರು ದಿನ ಹಿಡಿಯಿತು. ಆ ದಿನಗಳಲ್ಲಿ ಟೈಲರಮ್ಮ ಯಾವ ಸೊಂಟವನ್ನೂ ಸರಿಯಾಗಿ ಬಿಡಿಸಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಲೆಯೆತ್ತಿದಳು. ಕೊನೆಗೊಂದು ಬೆಳಿಗ್ಗೆ ನೆರಳು ದೊಡ್ಡ ಸಿಸ್ಟರಿನದೇ ಆಗಿತ್ತು, ಅದರ ಹಿಂದೆಯೇ ನಾದಿನಿಯದು. ವಕೀಲೆ ತನ್ನ ಅಳತೆ ಕೊಡಲು ಬಂದು ಸ್ಟೂಲಿನ ಮೇಲೆ ಕೂತಿದ್ದಳು, ಬಟ್ಟೆಯ ಗಂಟು ಮೇಜಿನ ಮೇಲಿತ್ತು. ದೊಡ್ಡ ಸಿಸ್ಟರ್ ಹೊಸಲಿನಲ್ಲೇ ನಿಂತು ಎರಡೂ ಕೈ ಮೇಲೆತ್ತಿದಳು.

"ಪಾಸು! ಎಲ್ಲ ವಾರ್ಡಿಗೂ ನಿಮ್ಮದೇ ಕೋಟು! ರೆಡಿಮೇಡ್ ಕಂಪನಿಯವರ ಫೋಟೋದಲ್ಲಿ ನರ್ಸು ನೆಟ್ಟಗೆ ನಿಂತು ನಗ್ತಾ ಇದ್ದಾಳಂತೆ. 'ಕೆಲಸ ಮಾಡೋ ನರ್ಸು ಇವಳು' ಅಂತ ನಮ್ಮವಳ ಫೋಟೋನೇ ಆರಿಸಿದ್ರಂತೆ."

ಟೈಲರಮ್ಮ ಯಂತ್ರದ ಮೇಲೆ ಅಂಗೈ ಊರಿದಳು. ಇಡೀ ಆಸ್ಪತ್ರೆ ಅವಳ ಕಣ್ಣ ಮುಂದೆ ಬೆಳ್ಳಗೆ ಓಡಾಡಿತು.

"ಇನ್ನೊಂದು ವಿಷಯ" ಎಂದಳು ದೊಡ್ಡ ಸಿಸ್ಟರ್, ದನಿ ಸ್ವಲ್ಪ ಇಳಿಸಿ. "ಮೊದಲು ಹೋಗಿತ್ತಲ್ಲ ಆ ಕರಿ ಫೋಟೋ, ಅದನ್ನ ಅವರು ಇನ್ನೊಂದು ಮಾದರಿ ಅಂದ್ಕೊಂಡಿದ್ದಾರೆ. ಆಸ್ಪತ್ರೆ ಕಾವಲುಗಾರರಿಗೆ ಹೊಲಿಸೋಕೆ ಅದೇ ಬೇಕಂತೆ. ಅದರ ಜೇಬು ಕಮಿಟಿಯವರಿಗೆ ಬಹಳ ಹಿಡಿಸಿಬಿಟ್ಟಿದೆ. ಎಷ್ಟು ಹುಡುಕಿದ್ರೂ ಕಾಣಿಸದ ಹಾಗೆ ಇಟ್ಟಿದ್ದಾರೆ, ಇಂಥ ಕೈಚಳಕ ನೋಡೇ ಇಲ್ಲ ಅಂದ್ರಂತೆ. ನಾಳೆ ಬೆಳಿಗ್ಗೆ ಆ ಕೋಟನ್ನ ಕಣ್ಣಾರೆ ನೋಡೋಕೆ ಬರ್ತಾ ಇದ್ದಾರೆ. ಏನು ಹೇಳಲಿ?"

ನಾದಿನಿಯ ಬಾಯಿ ತೆರೆದುಕೊಂಡಿತು. ಗಂಡ ಪುಸ್ತಕದಲ್ಲಿ ಬೆರಳಿಟ್ಟು ಓದುವುದನ್ನು ನಿಲ್ಲಿಸಿದ. ಟೈಲರಮ್ಮ ಕೊರಳಿನ ಅಳತೆ ಪಟ್ಟಿಯನ್ನು ಸರಿಮಾಡಿಕೊಂಡು, ಕಿವಿಯ ಹಿಂದಿನ ಸೀಮೆಸುಣ್ಣವನ್ನು ಕೈಗೆ ತೆಗೆದುಕೊಂಡಳು.

"ಬರಲಿ ಸಿಸ್ಟರ್, ಅದಕ್ಕೇನಂತೆ! ಕೋಟು ಆಗೇಹೋಗಿದೆ ಅನ್ನಿ. ಕಾಜಾ ಗುಂಡಿ ಒಂದೇ ಬಾಕಿ."

ವಕೀಲೆ ಮೇಜಿನ ಮೇಲಿದ್ದ ತನ್ನ ಕಪ್ಪು ಬಟ್ಟೆಯ ಗಂಟನ್ನು ಮೆಲ್ಲಗೆ ತೊಡೆಯ ಮೇಲೆ ಎಳೆದುಕೊಂಡಳು.